ಗ್ಲಾಕೋಮಾ: ‘ಫೀಲ್ಡ್ ಟೆಸ್ಟ್’ ರಿಪೋರ್ಟ್ ಎಷ್ಟು ನಂಬಬಹುದು?

ಡಾಕ್ಟರ್ ‘ಫೀಲ್ಡ್ ಟೆಸ್ಟ್’ ಬರೆದುಕೊಟ್ಟರೆ ಗಾಬರಿ ಬೇಡ. ಒಂದು ಕಣ್ಣು ಮುಚ್ಚಿ, ಯಂತ್ರದೊಳಗಿನ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಬಟನ್ ಒತ್ತಬೇಕು, ಅಷ್ಟೇ. ಗ್ಲಾಕೋಮಾದಲ್ಲಿ ಹೆಚ್ಚಾಗಿ ಮೊದಲು ಹೋಗುವುದು ಬದಿಯ ನೋಟ. ಪೇಪರ್ ಸಲೀಸಾಗಿ ಓದುವವರಿಗೂ ಕಾಯಿಲೆ ಇರಬಹುದು.

ಆದರೆ ಮೊದಲ ರಿಪೋರ್ಟೇ ತೀರ್ಪಲ್ಲ. ಹೊಸಬರು ತಡಬಡಾಯಿಸುತ್ತಾರೆ, ಕಣ್ಣು ಅತ್ತಿತ್ತ ಹೊರಳಿಸುತ್ತಾರೆ, ಬೆಳಕು ಕಾಣದಿದ್ದರೂ ಒತ್ತಿಬಿಡುತ್ತಾರೆ. ಜೋತುಬಿದ್ದ ರೆಪ್ಪೆಯಿಂದಲೂ ರಿಪೋರ್ಟಿನ ಮೇಲ್ಭಾಗ ಕಪ್ಪಾಗಿ ಕಾಣಬಹುದು. ಇಂಥ ತಪ್ಪುಗಳ ಲೆಕ್ಕ ರಿಪೋರ್ಟಲ್ಲೇ ಇರುತ್ತೆ, ಡಾಕ್ಟರನ್ನು ಕೇಳಿ. ಅನುಮಾನ ಬಂದರೆ ಮತ್ತೊಮ್ಮೆ ಮಾಡಿಸ್ತಾರೆ.

‘ನಾರ್ಮಲ್’ ಅಂತ ಬಂದರೂ ಸುಮ್ಮನಾಗುವಂತಿಲ್ಲ. ನರದ ಎಳೆಗಳು ಸಾಕಷ್ಟು ಸತ್ತ ಮೇಲಷ್ಟೇ ಈ ಟೆಸ್ಟಲ್ಲಿ ಗೊತ್ತಾಗೋದು. ಹೋದ ನೋಟ ವಾಪಸ್ ಬರಲ್ಲ. ಅದಕ್ಕೇ ಕಣ್ಣಿನ ಒತ್ತಡ, ನರದ ಪರೀಕ್ಷೆಯನ್ನೂ ಜತೆಗೇ ಮಾಡಿಸಬೇಕು, ಅಪ್ಪ-ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರಂತೂ ತಪ್ಪದೇ.