ಸುಂಕದ ಊರಿಗೆ ಗುಲಾಬಿ ಹಬ್ಬಿದ ಕಥೆ

1159ರ ಸೆಪ್ಟೆಂಬರಿನಲ್ಲಿ ರೋಮ್ ಬಿಟ್ಟು ಓಡಿಬಂದಿದ್ದ ಮೂರನೇ ಅಲೆಕ್ಸಾಂಡರ್‌ಗೆ ಪೋಪ್ ಪಟ್ಟ ಕಟ್ಟಿದ್ದು ನಿನ್ಫಾ ಎಂಬ ಪುಟ್ಟ ಊರಿನ ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ. ಈಗ ಆ ಚರ್ಚಿಗೆ ಸೂರಿಲ್ಲ. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಊರಿಗೆ ಊರೇ ಬೇಚರಾಕು, ಅಂದರೆ ಜನವಸತಿ ಇಲ್ಲದ್ದು. ಆದರೂ ಇಲ್ಲಿಗೆ ಬರಲು ಜನ ಮೊದಲೇ ಟಿಕೆಟ್ ಕಾಯ್ದಿರಿಸುತ್ತಾರೆ.

ರೋಮ್‌ನಿಂದ ಆಗ್ನೇಯಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ, ಲೆಪೀನಿ ಬೆಟ್ಟಸಾಲಿನ ಬುಡದಲ್ಲಿ ಉಕ್ಕುವ ನೀರು ಮೊದಲು ಕೆರೆಯಾಗಿ ನಿಂತು, ಆಮೇಲೆ ಹೊಳೆಯಾಗಿ ಊರೊಳಗೇ ಹರಿಯುತ್ತದೆ. ಕೆರೆಯ ದಡದಲ್ಲಿ ಕೋಟೆ, ಅದರ ನಡುವೆ 30 ಮೀಟರ್ ಮೀರಿದ ಗೋಪುರ. ಈ ಊರಿನ ಸಿರಿಗೂ ಕೇಡಿಗೂ ನೀರೇ ಕಾರಣ. ಬಯಲಿನ ಪೊಂಟೀನ್ ಜೌಗು ಹಳೆಯ ಅಪ್ಪಿಯಾ ಹೆದ್ದಾರಿಯನ್ನು ನುಂಗಿದಾಗ ದಕ್ಷಿಣಕ್ಕೆ ಹೊರಟ ವರ್ತಕರು ಬೆಟ್ಟದ ಬುಡ ಹಿಡಿದು ನಡೆಯಬೇಕಾಯಿತು. ಸುಂಕ ನಿನ್ಫಾದ ಪಾಲಾಯಿತು. 13ನೇ ಶತಮಾನದ ಕೊನೆಗೆ ಪೋಪ್ ಎಂಟನೇ ಬೋನಿಫೇಸ್ ಊರನ್ನು ತನ್ನ ಕಯೆತಾನಿ ಮನೆತನಕ್ಕೆ ಕೊಡಿಸಿದ. ನೂರು ವರ್ಷ ತುಂಬುವ ಮೊದಲೇ, ಪೋಪ್ ಗದ್ದುಗೆಯ ಜಗಳದಲ್ಲಿ ವೈರಿಗಳು ಊರನ್ನು ಸೂರೆ ಮಾಡಿದರು. ಕಟ್ಟಿಕೊಳ್ಳಬಹುದಿತ್ತು. ಆದರೆ ಜೌಗಿನ ಸೊಳ್ಳೆ ಬಿಡಲಿಲ್ಲ. ಮಲೇರಿಯಾಕ್ಕೆ ಅಂಜಿ ಜನ ಬೆಟ್ಟ ಹತ್ತಿದರು. 16ನೇ ಶತಮಾನದಲ್ಲಿ ಕಾರ್ಡಿನಲ್ ನಿಕೊಲೊ ಕಯೆತಾನಿ ಕೋಟೆಯ ಪಕ್ಕ ಗೋಡೆ ಸುತ್ತಿಸಿ ತೋಟ ಮಾಡಿಸಿದ. ಅದೂ ಬಹಳ ಕಾಲ ಬಾಳಲಿಲ್ಲ. 19ನೇ ಶತಮಾನದಲ್ಲಿ ಇಲ್ಲಿಗೆ ಬಂದ ಜರ್ಮನ್ ಇತಿಹಾಸಕಾರ ಗ್ರೆಗೊರೋವಿಯಸ್ ಇದನ್ನು ಪೊಂಪೇಗೆ ಹೋಲಿಸಿದ. ಪೊಂಪೇಯನ್ನು ಮುಚ್ಚಿದ್ದು ಬೂದಿ, ಇದನ್ನು ಮುಚ್ಚಿದ್ದು ಬಳ್ಳಿ.

ಆ ಬಳ್ಳಿಯ ಕಾಡಿಗೆ 1920ರ ದಶಕದ ಆರಂಭದಲ್ಲಿ ಕೈಹಾಕಿದವನು ಜೆಲಾಸಿಯೊ ಕಯೆತಾನಿ. ಗಣಿ ಎಂಜಿನಿಯರ್. ಮೊದಲ ಮಹಾಯುದ್ಧದಲ್ಲಿ ಸುರಂಗ ಕೊರೆಸಿ, ಮದ್ದು ತುಂಬಿಸಿ, 1916ರಲ್ಲಿ ಕೋಲ್ ದಿ ಲಾನಾ ಶಿಖರವನ್ನೇ ಹಾರಿಸಿದವನು. ಅಂಥವನು ಇಲ್ಲಿ ಬೀಳುವ ಗೋಡೆಗೆ ಆಸರೆ ಕೊಡಿಸುತ್ತಾ, ಸೈಪ್ರೆಸ್, ಓಕ್ ಸಸಿ ನೆಡಿಸುತ್ತಾ ಕುಳಿತ. ಊರ ಪುರಭವನವನ್ನು ರಿಪೇರಿ ಮಾಡಿಸಿ ಮನೆ ಮಾಡಿಕೊಂಡ. ಇಂಗ್ಲಿಷ್ ಮನೆತನದ ತಾಯಿ ಆಡಾಗೆ ಗುಲಾಬಿಯ ಹುಚ್ಚು. ಬಳಿಕ ಬಂದವರು ಅವನ ಅಣ್ಣ, ಸಂಗೀತ ರಚನೆಕಾರ ರೊಫ್ರೆದೊ ಮತ್ತು ಹೆಂಡತಿ ಮಾರ್ಗರಿಟ್ ಚೇಪಿನ್. ‘ಬೊತ್ತೇಗೆ ಒಸ್ಕುರೆ’ ಎಂಬ ಸಾಹಿತ್ಯ ಪತ್ರಿಕೆಯ ಸಂಪಾದಕಿ ಇವಳೇ. ಇವರ ಮಗಳು, ಚಿತ್ರಕಲಾವಿದೆ ಲೇಲಿಯಾ, ಈ ಕುಡಿಯ ಕೊನೆಯವಳು. ಮಕ್ಕಳಿಲ್ಲದ ಆಕೆ 1977ರಲ್ಲಿ ತೀರಿಕೊಂಡಳು. ಅಪ್ಪನ ಹೆಸರಿನಲ್ಲಿ 1972ರಲ್ಲೇ ಹುಟ್ಟಿದ್ದ ಪ್ರತಿಷ್ಠಾನ ಅಂದಿನಿಂದ ತೋಟ ನೋಡಿಕೊಳ್ಳುತ್ತಿದೆ.

ಎಂಟು ಹೆಕ್ಟೇರ್ ಜಾಗ, ಸಾವಿರಕ್ಕೂ ಮಿಕ್ಕಿದ ಸಸ್ಯಜಾತಿ. ಹಾಗೆಂದು ಅಳತೆ ಹಿಡಿದು ಕತ್ತರಿಸಿದ ಇಟಾಲಿಯನ್ ಪಾತಿಗಳನ್ನು ಹುಡುಕಬೇಡಿ. ಚರ್ಚಿನ ಅರೆಗೋಡೆಯೇ ಬಳ್ಳಿಗುಲಾಬಿಗೆ ಚಪ್ಪರ. ಹಳೆಯ ಕಲ್ಲುಸೇತುವೆಯಿಂದ ವಿಸ್ಟೇರಿಯಾದ ನೇರಳೆ ಗೊಂಚಲು ಹೊಳೆಗೆ ಇಳಿಬೀಳುತ್ತದೆ. ನೀರಂಚಿನ ಹಸಿಮಣ್ಣಿನಲ್ಲಿ ಬಿಳಿಯ ಕ್ಯಾಲಾ ಲಿಲಿ. ಹಳೆಯ ಬೀದಿಯಲ್ಲಿ ಹುಲ್ಲು ಬೆಳೆದಿದೆ, ಕಾಲುವೆಗಳು ನೀರನ್ನು ಮೂಲೆಮೂಲೆಗೂ ಒಯ್ಯುತ್ತವೆ. ಪಾಳು ಊರನ್ನು ಮತ್ತೆ ಊರು ಮಾಡಲು ಯಾರೂ ಹೋಗಲಿಲ್ಲ. ಬೀಳದಂತೆ ಹಿಡಿದು ನಿಲ್ಲಿಸಿ, ಮಿಕ್ಕಿದ್ದನ್ನು ಗಿಡಗಳಿಗೆ ಬಿಟ್ಟರು. ಕೋಟೆಗೆ ಹೊಸ ಸುಣ್ಣ ಬಳಿಯುವ ಜೀರ್ಣೋದ್ಧಾರಕ್ಕಿಂತ ಇದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಗುಲಾಬಿಯ ಬೇರು ಗೋಡೆಗೆ ಒಳ್ಳೆಯದೇ ಎಂದು ಕಟ್ಟಡ ಬಲ್ಲವರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಜೌಗಿನದೂ ಒಂದು ಕಥೆಯಿದೆ. 1930ರ ದಶಕದಲ್ಲಿ ಮುಸೊಲಿನಿಯ ಸರ್ಕಾರ ಅದನ್ನು ಬತ್ತಿಸಿ ಹೊಲ, ಹೊಸ ಪಟ್ಟಣ ಮಾಡಿತು. ಈಗ ನಿನ್ಫಾದ ಮಗ್ಗುಲಲ್ಲೇ, ಪಂತನೆಲ್ಲೊ ಎಂಬಲ್ಲಿ, ಸುಮಾರು 100 ಹೆಕ್ಟೇರ್ ನೆಲಕ್ಕೆ ಮತ್ತೆ ನೀರು ಬಿಟ್ಟು, ಹಕ್ಕಿಗಳಿಗಾಗಿ ಹಳೆಯ ಜೌಗು ಹುಲ್ಲುಗಾವಲನ್ನು ಮರಳಿ ರೂಪಿಸಿದ್ದಾರೆ.

ತೋಟ ತೆರೆಯುವುದು ವಸಂತದಿಂದ ಶರತ್ತಿನವರೆಗೆ, ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ. ಮಾರ್ಗದರ್ಶಕರ ಹಿಂದೆ ಗುಂಪಾಗಿಯೇ ನಡೆಯಬೇಕು. ಹೊಳೆದಂಡೆಯಲ್ಲಿ ಕಾಲು ಚಾಚಿ ಕೂರುವ ಆಸೆ ಇಲ್ಲಿ ನಡೆಯುವುದಿಲ್ಲ. ರೋಮ್‌ನಿಂದ ರೈಲಿನಲ್ಲಿ ಲಾತಿನಾ ನಿಲ್ದಾಣ ತಲುಪಿ ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು. ಗುಲಾಬಿಗಾಗಿಯೇ ಹೋಗುವವರಿಗೆ ಮೇ ತಿಂಗಳು ಒಳ್ಳೆಯದು.