ಕುಂತ ಬ್ಯಾಟರಿಯ ನಾಡಿ ನೋಡುವವರು

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಸುತ್ತ ಸೇರಿದವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: “ಬ್ಯಾಟರಿ ಕುಂತದ.” ಸೆಲ್ಫ್ ಹೊಡೆದಾಗ ಕಟಕಟ ಅಂದರೂ ಕುಂತದ, ದೀಪ ಮಂಕಾದರೂ ಕುಂತದ, ಏನೂ ಸದ್ದೇ ಬರದಿದ್ದರೂ ಕುಂತದ. ನಾಲ್ಕು ಮಂದಿ ದೂಡುತ್ತಾರೆ, ಗಾಡಿ ಸ್ಟಾರ್ಟ್ ಆಗುತ್ತದೆ, ಮರುದಿನ ಮುಂಜಾನೆ ಮತ್ತೆ ಅದೇ ಗೋಳು. ಕೊನೆಗೆ ಮಾಲೀಕರು ಸಾವಿರಾರು ರೂಪಾಯಿ ಹೊಂದಿಸಿ ಹೊಸದನ್ನು ತಂದು ಕೂರಿಸುತ್ತಾರೆ.

ಕಮಲಾಪುರದಲ್ಲಿ ಬಾಳೆ ತೋಟವಿರುವ ನನ್ನ ಗೆಳೆಯನ ಹಳೆಯ ಫೋರ್‌ವೀಲ್ ಜೀಪಿಗೆ ಹೀಗೆ ಒಂದೂವರೆ ವರ್ಷದಲ್ಲಿ ಎರಡು ಹೊಸ ಬ್ಯಾಟರಿ ಬಿದ್ದವು. ಮೂರನೆಯದಕ್ಕೆ ದುಡ್ಡು ಎಣಿಸಿಕೊಂಡು ಅವನು ಕಲಬುರಗಿಗೆ ಹೊರಟಾಗ ನಾನೂ ಜೊತೆಗಿದ್ದೆ. ಅವತ್ತು ಹೊಸ ಬ್ಯಾಟರಿ ಕೊಳ್ಳಲಿಲ್ಲ. ಅದರ ಬದಲು, ಈ ಊರಿನ ಗ್ಯಾರೇಜುಗಳ ನಡುವೆ ಸದ್ದಿಲ್ಲದೆ ಉಳಿದುಕೊಂಡಿರುವ ಒಂದು ಕಸುಬಿನ ಪರಿಚಯವಾಯಿತು.

ಕಸುಬು ತೋರಿಸಿಕೊಟ್ಟವರು ಅರವತ್ತು ದಾಟಿದ ಒಬ್ಬ ಕಾಕಾ. ಅವರ ಪುಟ್ಟ ಅಂಗಡಿಯ ಬೋರ್ಡಿನ ಮೇಲೆ ಇರುವುದು ‘ಬ್ಯಾಟರಿ ವರ್ಕ್ಸ್’ ಎಂಬ ಹಳೆಯ ಅಕ್ಷರ. ಆ ‘ವರ್ಕ್ಸ್’ ಎಂಬ ಪದಕ್ಕೆ ಒಂದು ಕಾಲದಲ್ಲಿ ಪೂರ್ತಿ ಅರ್ಥವಿತ್ತು. ಬ್ಯಾಟರಿಯ ಡಬ್ಬಿ ಆಗ ಕರಿ ರಬ್ಬರಿನದು, ಗಟ್ಟಿ, ಭಾರ. ಮೇಲ್ಭಾಗ ಡಾಂಬರಿನಂಥ ಅಂಟಿನಿಂದ ಮುಚ್ಚಿರುತ್ತಿತ್ತು. ಒಂದು ಸೆಲ್ ಸತ್ತರೆ ಬ್ಯಾಟರಿ ಪೂರಾ ಎಸೆಯುವ ಮಾತೇ ಇರಲಿಲ್ಲ. ಅಂಟನ್ನು ಬಿಸಿ ಮಾಡಿ ಬಿಡಿಸಿ, ಆ ಸೆಲ್ಲಿನ ಪ್ಲೇಟುಗಳ ಕಟ್ಟನ್ನು ಮೇಲಕ್ಕೆತ್ತಿ, ಕೆಟ್ಟ ಪ್ಲೇಟು ತೆಗೆದು ಹೊಸದು ಸೇರಿಸಿ, ನಡುವಿನ ತೆಳು ಹಲಗೆ ಬದಲಿಸಿ, ಸೀಸ ಕರಗಿಸಿ ಸೆಲ್ಲಿಗೆ ಸೆಲ್ಲು ಬೆಸೆದು, ಮತ್ತೆ ಅಂಟು ಹೊಯ್ದು ಮುಚ್ಚುತ್ತಿದ್ದರು. ಪ್ಲಾಸ್ಟಿಕ್ ಡಬ್ಬಿಗಳು ಬಂದು, ಮುಚ್ಚಳವನ್ನೇ ಬೆಸೆದು ಕಳಿಸತೊಡಗಿದ ಮೇಲೆ ಆ ಕೆಲಸ ಮುಗಿಯಿತು. ಕಾಕಾರ ಅಂಗಡಿಯ ಮೂಲೆಯಲ್ಲಿ ಸೀಸ ಹೊಯ್ಯುವ ಕಬ್ಬಿಣದ ಸೌಟು ಇನ್ನೂ ಇದೆ, ಧೂಳು ಹಿಡಿದು. ಕೈಕೆಲಸ ಹೋದ ಮೇಲೆ ಉಳಿದದ್ದು ನೋಟ. ರೋಗ ಯಾವುದು, ಅದು ಬ್ಯಾಟರಿಯದೋ ಗಾಡಿಯದೋ ಎಂದು ಹೇಳುವ ನೋಟ. ನನ್ನ ಲೆಕ್ಕದಲ್ಲಿ ಅದೇ ಹೆಚ್ಚಿನ ವಿದ್ಯೆ.

ಕಾಕಾ ಬಾನೆಟ್ ಎತ್ತುವ ಮೊದಲೇ ಪ್ರಶ್ನೆ ಹಾಕತೊಡಗಿದರು. “ಗಾಡಿ ಎಲ್ಲಿ ನಿಂದ್ರಸ್ತೀರಿ? ದಿನಾ ಎಷ್ಟು ಓಡಸ್ತೀರಿ? ನೀರು ಯಾವಾಗ ನೋಡಿದ್ರಿ?” ಗೆಳೆಯ ಉತ್ತರಿಸಿದ: ತೋಟದ ಬಯಲಲ್ಲಿ, ಬಿಸಿಲಿಗೆ. ವಾರಕ್ಕೆ ಎರಡು ದಿನ, ಅದೂ ತೋಟದಿಂದ ರಸ್ತೆಯ ತನಕ. ನೀರು? ಅದನ್ನು ನೋಡಬೇಕೆಂಬುದೇ ಗೊತ್ತಿರಲಿಲ್ಲ.

ಈ ಮೂರು ಪ್ರಶ್ನೆಗಳ ಬೇರು ನಮ್ಮ ಬಿಸಿಲಿನಲ್ಲಿದೆ. ಬ್ಯಾಟರಿಯ ಮೇಲೆ ಬರೆದಿರುವ ‘ಕೋಲ್ಡ್ ಕ್ರ್ಯಾಂಕಿಂಗ್’ ಅಂಕಿಯನ್ನು ಅಳೆಯುವುದು ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಹಿಮ ಬೀಳುವ ದೇಶಗಳಿಗೆ ಚಳಿಯೇ ವೈರಿ, ಅವರ ಪುಸ್ತಕಗಳೂ ಅದನ್ನೇ ಹೇಳುತ್ತವೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ನೆರಳಿನಲ್ಲೇ 42, 43 ಡಿಗ್ರಿ. ಬಾನೆಟ್ಟಿನ ಒಳಗೆ ಇನ್ನೂ ಜಾಸ್ತಿ. ಶಾಖ 10 ಡಿಗ್ರಿ ಏರಿದರೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನೀರು ಬೇಗ ಆರುತ್ತದೆ, ಪ್ಲೇಟಿನ ಸೀಸದ ಜಾಲರಿ ಬೇಗ ಸವೆಯುತ್ತದೆ, ಸುಮ್ಮನೆ ನಿಂತ ಗಾಡಿಯ ಬ್ಯಾಟರಿಯೂ ತನ್ನಷ್ಟಕ್ಕೆ ತಾನು ಇಳಿಯುತ್ತ ಹೋಗುತ್ತದೆ. ಬೇಸಿಗೆಯಲ್ಲಿ ಪೆಟ್ಟು ತಿಂದದ್ದು ಡಿಸೆಂಬರಿನ ಚಳಿಯ ಮುಂಜಾನೆ ಕೈಕೊಟ್ಟಾಗ ಜನ ಚಳಿಯನ್ನು ಬೈಯುತ್ತಾರೆ. ತೊಗರಿ ರಾಶಿಯ ಹೊತ್ತಿಗೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗದೆ ನಿಲ್ಲುವುದಕ್ಕೆ ಎಷ್ಟೋ ಸಲ ಕಾರಣ ಏಳು ತಿಂಗಳ ಹಿಂದಿನ ಮೇ ತಿಂಗಳು.

ಒಳಗೆ ನಡೆಯುವುದು ಇಷ್ಟು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ತೋರಿಸಿದ ವಿಧಾನವೇ ಇವತ್ತಿಗೂ ನಡೆದಿದೆ: ಸೀಸದ ಪ್ಲೇಟು, ಗಂಧಕಾಮ್ಲ. ಆರು ಸೆಲ್, ಒಂದೊಂದೂ 2.1 ವೋಲ್ಟ್, ಒಟ್ಟು 12.6. ಕರೆಂಟ್ ಖರ್ಚಾಗುವಾಗ ಆಮ್ಲದಲ್ಲಿರುವ ಗಂಧಕದ ಅಂಶ ಪ್ಲೇಟಿಗೆ ಅಂಟಿ ಬಿಳಿ ಪದರವಾಗುತ್ತದೆ, ಆಮ್ಲ ತೆಳುವಾಗಿ ನೀರಿನ ಕಡೆಗೆ ಸರಿಯುತ್ತದೆ. ಚಾರ್ಜ್ ಮಾಡಿದರೆ ಆ ಪದರ ಕರಗಿ ಮತ್ತೆ ಆಮ್ಲಕ್ಕೆ ಸೇರುತ್ತದೆ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಪದರ ಹರಳುಗಟ್ಟಿ ಕಲ್ಲಾಗುತ್ತದೆ, ಮತ್ತೆ ಕರಗುವುದಿಲ್ಲ. ಬಿತ್ತನೆ ಮುಗಿಸಿ ಟ್ರ್ಯಾಕ್ಟರನ್ನು ಮೂಲೆಗೆ ನಿಲ್ಲಿಸಿ ಮರೆಯುವ ರೈತರಿಗೆ ಕಾಕಾ ಹೇಳುವುದು ಒಂದೇ ಮಾತು: ನೆಗೆಟಿವ್ ವೈರ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ.

ಆಮೇಲೆ ಮೀಟರ್. ಆದರೆ ಬಂದ ಕೂಡಲೇ ಅಲ್ಲ. ಈಗಷ್ಟೇ ಓಡಿ ಬಂದ ಗಾಡಿಯ ಬ್ಯಾಟರಿ ಮೇಲ್ಮೇಲೆ ಚಾರ್ಜ್ ತೋರಿಸಿ ಸುಳ್ಳು ಹೇಳುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಹಾಕಿಸಿ, ಆರಿಸಿ, ಚಹಾ ತರಿಸಿ, ಅದು ಮುಗಿದ ಮೇಲೆಯೇ ಕಾಕಾ ಮೀಟರಿನ ಕಡ್ಡಿ ಹಚ್ಚಿದ್ದು. 12.6 ಇದ್ದರೆ ತುಂಬಿದೆ, 12.4 ಮುಕ್ಕಾಲು, 12.2 ಅರ್ಧ. 10.5ರ ಹತ್ತಿರ ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ ಎಂದೇ ಅನುಮಾನ. ಗೆಳೆಯನ ಬ್ಯಾಟರಿ 12.5 ತೋರಿಸಿತು.

ಮುಂದಿನದು ನನಗೆ ಬಹಳ ಹಿಡಿಸಿದ ಕೆಲಸ, ಗ್ರ್ಯಾವಿಟಿ ನೋಡುವುದು, ಅಂದರೆ ಆಮ್ಲ ಎಷ್ಟು ಗಟ್ಟಿಯಿದೆ ಎಂದು ಅಳೆಯುವುದು. ಹೈಡ್ರೋಮೀಟರ್ ಎಂದರೆ ಗಾಜಿನ ನಳಿಗೆ, ಒಂದು ತುದಿಗೆ ರಬ್ಬರಿನ ಬುರುಡೆ, ಒಳಗೆ ತೇಲುವ ಸಣ್ಣ ಗಾಜಿನ ಕಡ್ಡಿ. ಬುರುಡೆ ಅದುಮಿ, ತುದಿಯನ್ನು ಸೆಲ್ಲಿಗೆ ಇಳಿಸಿ, ಮೆಲ್ಲಗೆ ಬಿಟ್ಟರೆ ಆಮ್ಲ ಏರುತ್ತದೆ, ಕಡ್ಡಿ ಅದರಲ್ಲಿ ತೇಲುತ್ತದೆ. ನಳಿಗೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಕಾಕಾ ಉಸಿರು ಹಿಡಿದು ಓದಿದರು. ಒಂದು ಹನಿಯೂ ಆಚೀಚೆ ಬೀಳಲಿಲ್ಲ. ಪಕ್ಕದಲ್ಲೇ ಕೂತಿದ್ದ ಬೇರೊಂದು ಟ್ರ್ಯಾಕ್ಟರಿನ ಬ್ಯಾಟರಿಯ ಲೆಕ್ಕ ಮೊದಲು ತೋರಿಸಿದರು: 1245, 1250, 1240, 1245, 1110, 1245. ಐದನೆಯದರ ಹತ್ತಿರ ಬೆರಳು ನಿಂತಿತು. “ಉಳಿದವು ಐದು ಮಂದಿ ಗಳೇ ಹೊಡಿಯಾಕತ್ತಾರ, ಒಬ್ಬ ಮಲಗ್ಯಾನ.” ಒಂದು ಸೆಲ್ಲಿಗೂ ಇನ್ನೊಂದಕ್ಕೂ 50 ಅಂಕಕ್ಕಿಂತ ಹೆಚ್ಚು ಅಂತರ ಕಂಡರೆ ಆ ಬ್ಯಾಟರಿ ಚಾರ್ಜರಿಗೆ ಹಾಕಿದರೂ ನೆಟ್ಟಗಾಗುವುದಿಲ್ಲ. ಅದು ಬದಲಿಸಬೇಕಾದದ್ದೇ. ಜೀಪಿನ ಆರೂ ಸೆಲ್ಲುಗಳು ಅಣ್ಣತಮ್ಮಂದಿರಂತೆ ಹತ್ತಿರ ಹತ್ತಿರವಿದ್ದವು. ನೀರು ಮಾತ್ರ ಪ್ಲೇಟಿನ ಅಂಚಿಗೆ ಇಳಿದಿತ್ತು.

ಕೊನೆಯ ಪರೀಕ್ಷೆ ಲೋಡ್. ಭಾರಿ ಕರೆಂಟ್ ಎಳೆಯುವ ಟೆಸ್ಟರ್ ಹಚ್ಚಿ 15 ಸೆಕೆಂಡ್ ಹಿಡಿದಾಗ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಜೀಪಿನದು 10.4ರಲ್ಲಿ ನಿಂತಿತು. ಡೀಸೆಲ್ ಇಂಜಿನ್ನಿನ ಒತ್ತಡ ದೊಡ್ಡದು, ಅದನ್ನು ತಿರುಗಿಸಲು ಸೆಲ್ಫ್ ಮೋಟರಿಗೆ ನೂರಾರು ಆಂಪಿಯರ್ ಬೇಕು. ಅಷ್ಟು ಕೊಡುವ ಶಕ್ತಿ ಈ ಬ್ಯಾಟರಿಗೆ ಇತ್ತು. “ಬ್ಯಾಟರಿ ಛಲೋ ಅದ. ಅದರ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ” ಎಂದರು ಕಾಕಾ. ಗೆಳೆಯನ ಮುಖದಲ್ಲಿ ಖುಷಿಗಿಂತ ಗೊಂದಲವೇ ಹೆಚ್ಚಿತ್ತು.

ಬ್ಯಾಟರಿ ಒಳ್ಳೆಯದಿದ್ದೂ ಗಾಡಿ ಏಳದಿದ್ದರೆ ಕಳ್ಳ ಎಲ್ಲಿ? ಕಾಕಾ ಮೂರು ಕಡೆ ಹುಡುಕುತ್ತಾರೆ. ಒಂದು ಡೈನಮೋ. ನಮ್ಮ ಕಡೆ ಆಲ್ಟರ್ನೇಟರನ್ನೂ ಡೈನಮೋ ಅಂತಲೇ ಕರೆಯುವುದು. ಇಂಜಿನ್ ನಡೆಯುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ಇರಬೇಕು. ಕಡಿಮೆಯಾದರೆ ಹೊಟ್ಟೆ ತುಂಬುವುದಿಲ್ಲ, 15 ದಾಟಿದರೆ ನೀರು ಕುದಿದು ಹೋಗುತ್ತದೆ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಿತ್ತು ಡೈನಮೋ ಪರೀಕ್ಷಿಸುವ ಒಂದು ಹಳೆಯ ರೂಢಿ ಇದೆ, ದಯವಿಟ್ಟು ಯಾರೂ ಅದನ್ನು ಮಾಡಬೇಡಿ. ವೋಲ್ಟೇಜ್ ಒಮ್ಮೆಗೇ ಚಿಮ್ಮಿ ಈಗಿನ ಗಾಡಿಗಳ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟುಹೋಗುತ್ತದೆ. ಎರಡನೆಯದು ಗಾಡಿ ಮಲಗಿದಾಗ ಕರೆಂಟ್ ಕದಿಯುವ ಹೆಚ್ಚುವರಿ ಸಾಮಾನು: ಟೇಪು, ಫಾಗ್ ಲೈಟು, ಯಾರೋ ಎಲ್ಲೆಲ್ಲೋ ಸುತ್ತಿದ ವೈರು. ನೆಗೆಟಿವ್ ವೈರಿನ ನಡುವೆ ಮೀಟರ್ ಇಟ್ಟು, ಒಂದೊಂದೇ ಫ್ಯೂಸ್ ಕೀಳುತ್ತ ಹೋದರೆ ಕಳ್ಳ ಸಿಗುತ್ತಾನೆ. ಬರೀ 50 ಮಿಲಿ ಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36. ಅರವತ್ತರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ.

ಮೂರನೆಯದು ಅರ್ಥಿಂಗ್. ಕಾಕಾ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಒತ್ತಿ ಹಿಡಿದರು. “ಹೂಂ, ಹೊಡೀರಿ ಸೆಲ್ಫ್.” ತಂತಿ ಸರಿಯಿದ್ದರೆ ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಮೀಟರ್ 3 ದಾಟಿತು. ಗಾಡಿಯ ಕೆಳಗೆ ಮಲಗಿ ಅವರು ಚಾಸಿಯಿಂದ ಇಂಜಿನ್ನಿಗೆ ಹೋಗುವ ಜಡೆಯಂಥ ತಾಮ್ರದ ಪಟ್ಟಿ ಬಿಚ್ಚಿ ತಂದರು. ಮೇಲೆ ನೋಡಲು ಗಟ್ಟಿ. ಬಗ್ಗಿಸಿದರೆ ಒಳಗೆ ಹಸಿರು ಪುಡಿ, ಮುಕ್ಕಾಲು ಎಳೆ ತುಂಡಾಗಿವೆ. ತೋಟದ ಕೆಸರು, ಮಡ್ಡಿಯ ಧೂಳು, ಕಲ್ಲು ದಾರಿಯ ಕುಲುಕಾಟ ಸೇರಿ ಅದನ್ನು ತಿಂದಿದ್ದವು. ಪ್ರತಿ ಸಲ ಬ್ಯಾಟರಿ ಬದಲಿಸುವಾಗಲೂ ವೈರುಗಳು ಅಲುಗಾಡಿ, ಉಳಿದ ಎಳೆಗಳು ಕೂಡಿಕೊಂಡು, ಕೆಲವು ತಿಂಗಳು ಗಾಡಿ ಎದ್ದು ಓಡುತ್ತಿತ್ತು. ಹೊಸ ಬ್ಯಾಟರಿಯಿಂದಲೇ ಸರಿಹೋಯಿತು ಎಂದು ಎಲ್ಲರೂ ನಂಬುತ್ತಿದ್ದರು.

ನಿಜಕ್ಕೂ ಬದಲಿಸಲೇಬೇಕಾದ ಬ್ಯಾಟರಿ ಬಂದಾಗಲೂ ಕಾಕಾರ ಕೈಗೆ ಒಂದು ಕ್ರಮವಿದೆ. ಬಿಚ್ಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಕೊನೆಗೆ ನೆಗೆಟಿವ್. ತಿರುವುಮುರುವು ಮಾಡಿದರೆ, ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಗಾಡಿಯ ಮೈಗೆ ತಾಗಿ ಕಿಡಿ ಹಾರುತ್ತದೆ. ಚಾರ್ಜಾದ ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರುತ್ತದೆ, ಆ ಕಿಡಿಗೆ ಡಬ್ಬಿ ಸಿಡಿದು ಆಮ್ಲ ಮುಖಕ್ಕೆ ಹಾರಬಹುದು. ಕೈಯ ಉಂಗುರ, ಕಡಗ ತೆಗೆದಿಟ್ಟೇ ಅವರು ಬಗ್ಗುವುದು. ಹಳೆಯ ಕಂಬದ ಮೇಲಿನ ಹೂವಿನಂಥ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ಬಿಗಿದ ಮೇಲೆ ವ್ಯಾಸಲೀನ್ ಸವರುತ್ತಾರೆ. ಕಚ್ಚಾ ದಾರಿಯಲ್ಲಿ ಓಡುವ ಜೀಪು, ಟ್ರ್ಯಾಕ್ಟರಿಗೆ ಅವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುವುದು ಬ್ಯಾಟರಿ ಅದುಮಿ ಹಿಡಿಯುವ ಪಟ್ಟಿಗೆ. ಅದು ಸಡಿಲವಿದ್ದರೆ ಪ್ರತಿ ಗುಂಡಿಗೂ ಡಬ್ಬಿ ಕುಣಿಯುತ್ತದೆ, ಪ್ಲೇಟಿನ ಮೇಲಿನ ಹಿಟ್ಟು ಉದುರಿ ತಳದಲ್ಲಿ ಸೇರುತ್ತದೆ, ಒಂದು ದಿನ ಸೆಲ್ ಶಾರ್ಟ್ ಆಗುತ್ತದೆ. ಸೈಕಲ್ ಟ್ಯೂಬು ಕತ್ತರಿಸಿ ಕಟ್ಟಿದ ಬ್ಯಾಟರಿಗಳನ್ನು ಕಂಡರೆ ಅವರಿಗೆ ಸಂಕಟ.

ಬದಲಾದ ಹಳೆಯದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅವರು ಲೆಕ್ಕ ಇಡುತ್ತಾರೆ. ಹಳೆಯ ಬ್ಯಾಟರಿಯನ್ನು ವಾಪಸ್ ಪಡೆಯುವ ಹೊಣೆ ಮಾರುವವರದು ಎಂದು 2001ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿತು, 2022ರ ಹೊಸ ನಿಯಮ ತಯಾರಕರ ಹೊಣೆಯನ್ನು ಇನ್ನೂ ಬಿಗಿಗೊಳಿಸಿತು. ಆದರೂ ತೂಕದ ಆಸೆಗೆ ಗುಜರಿಗೆ ಹಾಕುವವರಿದ್ದಾರೆ. ಎಲ್ಲೋ ಹಿತ್ತಿಲಲ್ಲಿ ಒಡೆದು, ಆಮ್ಲವನ್ನು ಗಟಾರಿಗೆ ಚೆಲ್ಲಿ, ಬಯಲಲ್ಲಿ ಸೀಸ ಕರಗಿಸಿದರೆ ಆ ಹೊಗೆ, ಆ ಧೂಳು ಮಕ್ಕಳ ಮಿದುಳಿಗೇ ವಿಷ. ಕಾಕಾ ಹಳೆಯ ಬ್ಯಾಟರಿಗಳನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿದು, ಕಂಪನಿಯ ಡೀಲರಿಗೇ ಕಳಿಸುತ್ತಾರೆ. ಇದನ್ನು ಅವರು ಹೇಳಿಕೊಳ್ಳುವುದಿಲ್ಲ, ನಾನು ಕೇಳಿ ತಿಳಿದದ್ದು.

ಹೊಸ ತಾಮ್ರದ ಪಟ್ಟಿ ಕೂರಿಸುವ ಮೊದಲು ಚಾಸಿಯ ಬೋಲ್ಟಿನ ಸುತ್ತ ಬಣ್ಣ ಕೆರೆದು ಲೋಹ ಹೊಳೆಯುವ ತನಕ ಮರಳುಕಾಗದ ತಿಕ್ಕಿದರು. ಆರೂ ಸೆಲ್ಲಿಗೆ ಬ್ಯಾಟರಿ ನೀರು ಹಾಕಿದರು. ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಎದ್ದಿತು. ಮೀಟರ್ 14.1. ಪಟ್ಟಿಯ ದುಡ್ಡು, ಕೈಕೂಲಿ ಸೇರಿ ಹೊಸ ಬ್ಯಾಟರಿಯ ಬೆಲೆಯ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

“ಹಂಗಾದ್ರ ಮೊದಲಿನ ಎರಡು ಬ್ಯಾಟರಿ, ಕಾಕಾ?” ಎಂದು ಗೆಳೆಯ ಮೆಲ್ಲಗೆ ಕೇಳಿದ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವೂ ಛಲೋನೇ ಇದ್ದಿರಬೇಕು” ಎಂದರು. ತುಂಡಾದ ಪಟ್ಟಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅವನ ಕೈಗಿಟ್ಟರು. ಅದೀಗ ಕಮಲಾಪುರದ ತೋಟದ ಮನೆಯಲ್ಲಿ, ಜೀಪಿನ ಕೀಲಿ ತೂಗುಹಾಕುವ ಮೊಳೆಗೇ ನೇತಾಡುತ್ತಿದೆ.