ವಿಕಿರಣ ಬಿದ್ದರೆ ಉಕ್ಕು ಉಬ್ಬುವುದೇಕೆ, ಗಾಜು ಕುಗ್ಗುವುದೇಕೆ?

ಕಾಯಿಸಿ ಬಡಿದರಷ್ಟೇ ಉಕ್ಕಿನ ಆಕಾರ ಬದಲಾಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಪರಮಾಣು ರಿಯಾಕ್ಟರ್ ಒಳಗಿನ ಉಕ್ಕು ತಾನಾಗಿಯೇ ಮೆಲ್ಲಗೆ ಉಬ್ಬಬಲ್ಲದು. ಸ್ಕಾಟ್ಲೆಂಡಿನ ಡೌನ್‌ರೇ ರಿಯಾಕ್ಟರಿನಲ್ಲಿ ಬಳಸಿದ್ದ ಸ್ಟೇನ್‌ಲೆಸ್ ಸ್ಟೀಲಿನೊಳಗೆ ಅತಿ ಸಣ್ಣ ಟೊಳ್ಳುಗಳು ತುಂಬಿಕೊಂಡಿದ್ದವೆಂದು ಕಾಥಾರ್ನ್ ಮತ್ತು ಫುಲ್ಟನ್ 1967ರಲ್ಲಿ ವರದಿ ಮಾಡಿದರು. ಈ ಟೊಳ್ಳುಗಳು ಬಂದದ್ದೆಲ್ಲಿಂದ?

ಲೋಹದೊಳಗೆ ಕೇರಂ ಆಟ

ಲೋಹದಲ್ಲಿ ಪರಮಾಣುಗಳು ಅಚ್ಚುಕಟ್ಟಾಗಿ ಸಾಲುಗಟ್ಟಿರುತ್ತವೆ. ವೇಗವಾಗಿ ಬಂದ ನ್ಯೂಟ್ರಾನ್ ಅಥವಾ ಅಯಾನು (ವಿದ್ಯುದಾವೇಶವಿರುವ ಪರಮಾಣು) ಕೇರಂ ಸ್ಟ್ರೈಕರಿನಂತೆ ಒಂದು ಪರಮಾಣುವನ್ನು ಹೊಡೆದು ಹಾರಿಸುತ್ತದೆ. ಅದು ಇನ್ನಷ್ಟನ್ನು ಹಾರಿಸುತ್ತದೆ. ಸೆಕೆಂಡಿನ ಲಕ್ಷ ಕೋಟಿಯ ಕೆಲವೇ ಪಾಲಿನಲ್ಲಿ ಈ ಗಲಿಬಿಲಿ ಮುಗಿದು, ಹೆಚ್ಚಿನ ಪರಮಾಣುಗಳು ಮತ್ತೆ ಸಾಲಿಗೆ ಸೇರುತ್ತವೆ.

ಸೇರದೆ ಉಳಿದವುಗಳದ್ದೇ ತೊಂದರೆ. ಒಂದೆಡೆ ಖಾಲಿ ಸ್ಥಾನ, ಇನ್ನೊಂದೆಡೆ ಸಾಲುಗಳ ನಡುವೆ ತೂರಿಕೊಂಡ ಹೆಚ್ಚುವರಿ ಪರಮಾಣು. ಸುಮಾರು 400ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಖಾಲಿ ಸ್ಥಾನಗಳು ಚಲಿಸಿ, ಒಟ್ಟುಗೂಡಿ ಟೊಳ್ಳುಗಳಾಗುತ್ತವೆ. ಹೆಚ್ಚುವರಿ ಪರಮಾಣುಗಳು ಬೇರೆಡೆ ಹೊಸ ಪದರಗಳಾಗಿ ಸೇರಿಕೊಳ್ಳುತ್ತವೆ. ಪರಮಾಣುಗಳ ಸಂಖ್ಯೆ ಅಷ್ಟೇ ಇದ್ದರೂ ಉಕ್ಕಿನ ಗಾತ್ರ ಹೆಚ್ಚುತ್ತದೆ.

ಗಾಜಿನ ಕತೆ ಬೇರೆ

ಗಾಜಿನಲ್ಲಿ ಮರಳಿ ಸೇರಲು ಅಂಥ ಸಾಲುಗಳೇ ಇಲ್ಲ. ಶುದ್ಧ ಸಿಲಿಕಾ ಗಾಜಿನ ಪರಮಾಣುಗಳು ಉಂಗುರಗಳಂತೆ ಹೆಣೆದುಕೊಂಡಿದ್ದು, ನಡುವೆ ಸಾಕಷ್ಟು ಜಾಗವಿರುತ್ತದೆ. ಹೊಡೆತಕ್ಕೆ ಈ ಹೆಣಿಗೆ ಬಿಚ್ಚಿ, ಮತ್ತೆ ಇನ್ನಷ್ಟು ಒತ್ತಾಗಿ ಕೂಡಿಕೊಳ್ಳುತ್ತದೆ. ಹೀಗೆ ಅದರ ಸಾಂದ್ರತೆ ಶೇ. 2–3ರಷ್ಟು ಹೆಚ್ಚಬಹುದು. ಎಲ್ಲ ಗಾಜುಗಳೂ ಹೀಗೆ ಕುಗ್ಗುವುದಿಲ್ಲ. ಬೇರೆ ಧಾತುಗಳು ಬೆರೆತ ಕೆಲವು ಗಾಜುಗಳು ಉಬ್ಬುವುದೂ ಉಂಟು. ಪರಮಾಣು ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ ಗಟ್ಟಿಮಾಡಿ ಇಡುವುದರಿಂದ ಈ ಬದಲಾವಣೆಗಳನ್ನು ಮೊದಲೇ ಅರಿತಿರಬೇಕು.

ಅಯಾನುಗಳಿಂದ ಪರೀಕ್ಷೆ ಏಕೆ?

ರಿಯಾಕ್ಟರಿನಲ್ಲಿ ವರ್ಷಗಳಲ್ಲಿ ಆಗುವಷ್ಟು ಹಾನಿಯನ್ನು ವೇಗವರ್ಧಕದಿಂದ ಹೊಮ್ಮುವ ಅಯಾನುಗಳು ಗಂಟೆಗಳಲ್ಲಿ, ಹೆಚ್ಚೆಂದರೆ ದಿನಗಳಲ್ಲಿ ಮಾಡಬಲ್ಲವು. ಸಾಮಾನ್ಯವಾಗಿ ಮಾದರಿ ವಿಕಿರಣಶೀಲವೂ ಆಗದ ಕಾರಣ ಅದನ್ನು ನಿರ್ಭಯವಾಗಿ ಪರೀಕ್ಷಿಸಬಹುದು. ತಮಿಳುನಾಡಿನ ಕಲ್ಪಾಕ್ಕಂನಲ್ಲಿರುವ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇಂಥ ಅಧ್ಯಯನಗಳು ನಡೆಯುತ್ತವೆ. ಟೈಟಾನಿಯಂ ಬೆರೆಸಿದ ಡಿ9 ಎಂಬ ಉಕ್ಕು ಅಲ್ಲಿ ಪರೀಕ್ಷೆಗೊಳಗಾದವುಗಳಲ್ಲೊಂದು.

ಆದರೆ ಈ ಅಯಾನುಗಳು ಲೋಹದೊಳಗೆ ಇಳಿಯುವುದು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸು ಮಾತ್ರ. ಹಾನಿಯ ವೇಗವೂ ರಿಯಾಕ್ಟರಿಗಿಂತ ಬಹಳ ಹೆಚ್ಚು. ಆದ್ದರಿಂದ ಕೊನೆಯ ತೀರ್ಪು ರಿಯಾಕ್ಟರ್ ಪರೀಕ್ಷೆಯದ್ದೇ.

ವೇಗದ ರಿಯಾಕ್ಟರುಗಳಲ್ಲಿ ಇಂಧನ ತುಂಬಿದ ಉಕ್ಕಿನ ಕೊಳವೆಗಳು ಒತ್ತೊತ್ತಾಗಿರುತ್ತವೆ. ಅವುಗಳ ನಡುವೆ ಹರಿಯುವ ದ್ರವ ಸೋಡಿಯಂ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೊಳವೆಗಳು ಉಬ್ಬಿದರೆ ಆ ದಾರಿಯೇ ಕಿರಿದಾಗುತ್ತದೆ. ಇಂಧನದಲ್ಲಿ ಇನ್ನೂ ಕಸುವಿದ್ದರೂ ಉಕ್ಕಿನ ಸ್ಥಿತಿ ನೋಡಿ ಅದನ್ನು ಹೊರತೆಗೆಯಬೇಕಾಗುತ್ತದೆ. ಕಡಿಮೆ ಉಬ್ಬುವ ಉಕ್ಕು ಸಿಕ್ಕರೆ ಅದೇ ಇಂಧನದಿಂದ ಹೆಚ್ಚು ವಿದ್ಯುತ್ ಪಡೆಯಬಹುದು.